ಬ್ಯಾಂಕಾಳಿಯ ಹುಟ್ಟು ವಿಚಾರಣೆ

ನಿಘಂಟು ಕಚೇರಿಯಲ್ಲಿ ಕೆಲಸ ಮಾಡುವವರೆಂದರೆ ಜಗಳವಾಡದ ಸಾಧುಗಳು ಎಂದು ನೀವು ತಿಳಿದಿದ್ದರೆ, ಒಂದು ದಿನ ಅಲ್ಲಿ ಹೋಗಿ ಕೂತು ನೋಡಬೇಕು. ಒಂದು ಪದದ ಅರ್ಥಕ್ಕಾಗಿ ಎರಡು ಮೇಜಿನವರು ಮಾತು ಬಿಟ್ಟು, ಮಧ್ಯದ ಮೇಜಿನವರ ಮೂಲಕ ಚಹಾ ಬೇಕೋ ಬೇಡವೋ ಎಂದು ಕೇಳಿಕೊಂಡದ್ದುಂಟು. ಇಂಥ ಕಚೇರಿಯಲ್ಲಿ ಎಲ್ಲರೊಂದಿಗೂ ಮಾತು ಉಳಿಸಿಕೊಂಡಿದ್ದವಳು ಒಬ್ಬಳೇ ಉಪಸಂಪಾದಕಿ. ಅವಳನ್ನು ಎಲ್ಲರೂ ಪದಕ್ಕ ಎಂದೇ ಕರೆಯುತ್ತಿದ್ದರು. ತನಗಿಂತ ಹಿರಿಯರೂ ಹಾಗೆ ಕರೆಯುವುದು ಅವಳಿಗೆ ಮೊದಮೊದಲು ಮುಜುಗರವೆನಿಸಿ, ಆಮೇಲೆ ಅಭ್ಯಾಸವಾಗಿ, ಈಗ ಯಾರಾದರೂ ನಿಜವಾದ ಹೆಸರು ಹಿಡಿದು ಕರೆದರೆ ತಿರುಗಿ ನೋಡುವುದಕ್ಕೇ ಮರೆಯುತ್ತಿದ್ದಳು.

ಅವತ್ತು ಬೆಳಿಗ್ಗೆ ಪದಕ್ಕನ ಮೇಜಿನ ಮೇಲೆ ಹೊಸ ಪದಗಳ ಡಬ್ಬಿ ಬಂದು ಕೂತಿತ್ತು. ಪತ್ರಿಕೆ, ಭಾಷಣ, ಜಾಹೀರಾತುಗಳಿಂದ ಆಯ್ದ ಚೀಟಿಗಳು. ಮೇಲಿನ ಚೀಟಿ ಎತ್ತಿದಳು.

ಬ್ಯಾಂಕಾಳಿ.

ಕೆಳಗೆ ಒಂದು ವಾಕ್ಯ: ‘ಬಸ್ ನಿಲ್ದಾಣವನ್ನು ಎತ್ತಿ ಬ್ಯಾಂಕಿನ ಕಾರುಗಳಿಗೆ ಜಾಗ ಕೊಡಿ ಎನ್ನುವ ಬ್ಯಾಂಕಾಳಿಗಳಿಗೆ ನಾಚಿಕೆಯಾಗಬೇಕು.’ ನಗರಸಭೆಯಲ್ಲಿ ಒಬ್ಬ ಸದಸ್ಯರ ಮಾತು, ಪತ್ರಿಕೆಯಲ್ಲಿ ಅಚ್ಚಾದದ್ದು. ಅದರ ಹಿಂದೆ ಇನ್ನೊಂದು ಚೀಟಿ, ಮತ್ತೊಂದು. ಎಲ್ಲದರಲ್ಲೂ ಬೈಗುಳವೇ. ಅರ್ಥ: ಬ್ಯಾಂಕುಗಳ ಪರ ವಹಿಸುವವನು. ಹುಟ್ಟು: ತಿಳಿಯದು.

ತಿಳಿಯದು ಅಂತೆ! ಪದಕ್ಕನಿಗೆ ಅಳಬೇಕೋ ನಗಬೇಕೋ ಗೊತ್ತಾಗಲಿಲ್ಲ. ಆ ಪದ ಹುಟ್ಟಿದ್ದು ಅವಳ ಬಾಯಲ್ಲೇ.

ಮದುವೆಯಾದ ಹೊಸತು. ಗಂಡ ಆಗಿನ್ನೂ ಬ್ಯಾಂಕಿನಲ್ಲಿ ಗುಮಾಸ್ತ. ಇಬ್ಬರೂ ಒಂದು ಸಮುದ್ರದ ಊರಿಗೆ ತಿರುಗಾಡಲು ಹೋಗಿದ್ದರು. ಜನ ಅಲ್ಲಿ ಅಲೆ ನೋಡುತ್ತಾರೆ, ಸೂರ್ಯ ಮುಳುಗುವುದನ್ನು ನೋಡುತ್ತಾರೆ, ಹೊಸದಾಗಿ ಮದುವೆಯಾದವರಾದರೆ ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಾರೆ. ಈ ಮಹಾಶಯ ಮಾತ್ರ, ‘ಒಂದೇ ನಿಮಿಷ ಬಂದೆ’ ಎಂದು ತನ್ನ ಐಸ್‌ಕ್ರೀಮನ್ನೂ ಅವಳ ಕೈಗೆ ಕೊಟ್ಟು ಎದುರಿನ ಬ್ಯಾಂಕಿನೊಳಗೆ ಹೋಗಿಬಿಟ್ಟ. ಅವನ ಬ್ಯಾಂಕೂ ಅಲ್ಲ, ಅಲ್ಲಿ ಅವನಿಗೆ ಕೆಲಸವೂ ಇಲ್ಲ. ಒಳಗೆ ಹೋಗಿ, ಸುಮ್ಮನೆ ಸುತ್ತ ಕಣ್ಣಾಡಿಸಿ, ಹೊಟ್ಟೆ ತುಂಬ ಉಂಡವರ ಮುಖ ಹೊತ್ತು ಹೊರಗೆ ಬಂದ. ಅಷ್ಟರಲ್ಲಿ ಎರಡೂ ಐಸ್‌ಕ್ರೀಮು ಕರಗಿ ಅವಳ ಮೊಣಕೈವರೆಗೆ ಇಳಿದಿತ್ತು. ‘ಥೂ! ವಾಚಾಳಿ ನೋಡಿದ್ದೀನಿ, ಜಗಳಗಂಟರನ್ನ ನೋಡಿದ್ದೀನಿ. ನೀವು ಬ್ಯಾಂಕಾಳಿ ಕಣ್ರೀ, ಬ್ಯಾಂಕಾಳಿ!’ ಎಂದಳು. ಅವನು ನಕ್ಕ. ದಾರಿಯಲ್ಲಿ ಹೋಗುವವರು ತಿರುಗಿ ನೋಡುವ ಹಾಗೆ ನಕ್ಕ. ಅವಳಿಗೂ ಕೋಪ ನಿಲ್ಲಲಿಲ್ಲ. ಅಂಟಿದ ಕೈಯನ್ನು ಅವನ ಅಂಗಿಗೇ ಒರೆಸಿದಳು.

ಅಲ್ಲಿಂದ ಆ ಪದ ಮನೆ ಸೇರಿತು. ಯಾವ ಊರಿಗೆ ಹೋದರೂ ಅವನು ಬ್ಯಾಂಕು ಕಂಡರೆ ಒಳಗೆ ಇಣುಕಲೇಬೇಕು, ಅವಳು ಹಾಗೆ ಅನ್ನಲೇಬೇಕು. ಅವನು ಮ್ಯಾನೇಜರನಾದ ದಿನ ಅತ್ತೆ, ಸೊಸೆ ಇಬ್ಬರೂ ಸೇರಿ, ‘ಬ್ಯಾಂಕಾಳಿಗೆ ಜೈ’ ಎಂದು ಬಾಗಿಲಲ್ಲೇ ಕೂಗಿ ಅಕ್ಕಪಕ್ಕದವರನ್ನು ಕಿಟಕಿಗೆ ಬರಿಸಿದ್ದರು. ಅವನು ಆಫೀಸಿನಿಂದ ತಡವಾಗಿ ಬಂದರೆ ‘ಬ್ಯಾಂಕಾಳಿ ಬಂದ’, ಜ್ವರ ಬಂದು ಮಲಗಿದರೆ ‘ಅಯ್ಯೋ ನನ್ನ ಬ್ಯಾಂಕಾಳಿ’. ಮನೆಯೊಳಗೆ ಅದಕ್ಕಿಂತ ಮುದ್ದಿನ ಮಾತು ಬೇರೆ ಇರಲಿಲ್ಲ.

ಅದು ಹೊಸಿಲು ದಾಟಿದ್ದು ಅತ್ತೆಯಿಂದ. ಅತ್ತೆಗೆ ಹೊಸ ಹಲ್ಲು ಕಟ್ಟಿಸುವ ಕೆಲಸ ನಡೆದಿತ್ತು. ಹಲ್ಲಿನ ಡಾಕ್ಟರ ಕಾಯುವ ಕೋಣೆಯಲ್ಲಿ ಪಕ್ಕದಲ್ಲಿ ಒಬ್ಬರು ಕೆನ್ನೆ ಊದಿಸಿಕೊಂಡು ಕೂತಿದ್ದರು. ಅತ್ತೆಗೆ ಹಲ್ಲಿದ್ದರೂ ಇಲ್ಲದಿದ್ದರೂ ಮಾತಿಗೇನೂ ಬರವಿಲ್ಲ. ಮಗನ ಪುರಾಣವನ್ನೆಲ್ಲ ಉಪ್ಪು ಖಾರ ಹಚ್ಚಿ ಬಡಿಸಿದರು. ‘ನಮ್ಮ ಸೊಸೆ ಅವನಿಗೆ ಏನಂತಾಳೆ ಗೊತ್ತಾ?’ ಎಂದು ಆ ಪದವನ್ನೂ ಹೇಳಿ, ತಾವೇ ನಕ್ಕರು. ಕೆನ್ನೆ ಊದಿದ ಮನುಷ್ಯ ನಗಲಾಗದೆ ತಲೆ ಮಾತ್ರ ಆಡಿಸಿದ. ಅವನು ಬೇರಾರೂ ಅಲ್ಲ, ನಗರಸಭಾ ಸದಸ್ಯ. ಧ್ವನಿವರ್ಧಕ ಕೈಗೆ ಸಿಕ್ಕರೆ ಬಿಡದವನಾದ್ದರಿಂದ ಊರವರು ಅವನಿಗೆ ಮೈಕಪ್ಪ ಎಂದು ಹೆಸರಿಟ್ಟಿದ್ದರು. ಬಸ್ ನಿಲ್ದಾಣದ ಗಲಾಟೆ ಎದ್ದಾಗ ಮೈಕಪ್ಪನಿಗೆ ಎದುರು ಪಕ್ಷದವರನ್ನು ಬೈಯಲು ಒಂದು ಹೊಸ ಮಾತು ಬೇಕಿತ್ತು. ಸಿಕ್ಕಿತು.

ಆಮೇಲೆ ಕೇಳಬೇಕೇ? ಪತ್ರಿಕೆಯಲ್ಲಿ ತಲೆಬರಹ. ಗೋಡೆಯ ಮೇಲೆ ಸುಣ್ಣದಲ್ಲಿ. ಕೊನೆಗೆ ಮ್ಯಾನೇಜರನ ಶಾಖೆಯಲ್ಲೇ, ಸಹಿ ಹೊಂದುತ್ತಿಲ್ಲ, ಇನ್ನೊಮ್ಮೆ ಹಾಕಿ ಎಂದು ಅವನೇ ಮೆಲ್ಲಗೆ ಹೇಳಿದ್ದಕ್ಕೆ ಒಬ್ಬ ಗಿರಾಕಿ ಕೌಂಟರು ಗುದ್ದಿ, ‘ಹೋಗಯ್ಯ, ಬ್ಯಾಂಕಾಳಿ!’ ಎಂದು ಎಲ್ಲರೆದುರು ಕೂಗಿದ. ಜವಾನನಿಂದ ಹಿಡಿದು ಕ್ಯಾಷಿಯರವರೆಗೆ ಎಲ್ಲರೂ ಫೈಲಿನೊಳಗೆ ಮುಖ ಹುದುಗಿಸಿ ನಕ್ಕರಂತೆ.

ಆ ಸಂಜೆ ಅವನು ಮನೆಗೆ ಬಂದು ಚಪ್ಪಲಿಯನ್ನು ಜೋಡಿಸಿಟ್ಟ. ಸಿಟ್ಟು ಬಂದಾಗ ಅವನು ಏನನ್ನೂ ಎಸೆಯುವುದಿಲ್ಲ, ಎಲ್ಲವನ್ನೂ ಜೋಡಿಸಿಡುತ್ತಾನೆ. ಪದಕ್ಕ ಎಂದಿನಂತೆ, ‘ಬಂದ್ರಾ ಬ್ಯಾಂಕಾಳಿ’ ಎಂದಳು.

‘ಅದೊಂದು ಮಾತು ಇನ್ನು ಈ ಮನೇಲಿ ಬೇಡ’ ಎಂದ.

‘ಯಾಕ್ರೀ, ಏನಾಯ್ತು?’

‘ಏನೂ ಆಗಿಲ್ಲ. ಇಷ್ಟು ವರ್ಷ ನೀನು ಮುದ್ದು ಮಾಡ್ತಿದ್ದೀಯ ಅಂದ್ಕೊಂಡಿದ್ದೆ. ಆಡ್ಕೊಳ್ತಿದ್ದೀಯ ಅಂತ ಈಗ ಗೊತ್ತಾಯ್ತು. ಊರಿಗೆಲ್ಲ ಗೊತ್ತಾದ ಮೇಲೆ ನನಗೆ ಗೊತ್ತಾಯ್ತು, ಅಷ್ಟೇ.’

ಅವಳು ಆಣೆ ಇಟ್ಟಳು, ಅತ್ತೆ ಹಲ್ಲಿನ ಡಾಕ್ಟರ ಕಥೆ ಹೇಳಿ ತಪ್ಪಾಯಿತು ಎಂದರು. ಜಪ್ಪಯ್ಯ ಅಂದರೂ ಅವನ ಮುಖದ ಗಂಟು ಸಡಿಲಲಿಲ್ಲ. ಒಂದು ದಿನ ಊಟಕ್ಕೆ ಕೂತಾಗ, ನೀರು ಕೇಳಿದಷ್ಟೇ ಸಲೀಸಾಗಿ, ‘ಮುಖ್ಯ ಕಚೇರಿಗೆ ವರ್ಗ ಕೇಳಿ ಬರೆದಿದ್ದೀನಿ. ಅಲ್ಲಿ ಜನ ಬರೋದಿಲ್ಲ, ಬರೀ ಕಾಗದ ಬರುತ್ತೆ. ನಿನ್ನ ಕೆಲಸ ಇಲ್ಲಿದೆ, ನೀನಿಲ್ಲೇ ಇರು. ರಜಕ್ಕೆ ಬರ್ತೀನಿ’ ಎಂದ. ಮುಖ್ಯ ಕಚೇರಿ ಇದ್ದದ್ದು ರಾತ್ರಿಯಿಡೀ ರೈಲಿನಲ್ಲಿ ಕೂತು ಹೋಗಬೇಕಾದ ಊರಿನಲ್ಲಿ. ಪದಕ್ಕ ಬಡಿಸುತ್ತಿದ್ದ ಸೌಟನ್ನು ಹಾಗೇ ಹಿಡಿದು ನಿಂತಳು. ಅತ್ತೆ ಮಾತ್ರ, ‘ಏನೋ ಇದು, ಮದುವೆಯಾದವನೋ ಲಾಡ್ಜಿನಲ್ಲಿರೋನೋ ನೀನು?’ ಎಂದರು. ಅವನು ನೀರಿನ ಲೋಟವನ್ನು ತಟ್ಟೆಯ ಪಕ್ಕಕ್ಕೆ ನೇರವಾಗಿ ಜೋಡಿಸಿಟ್ಟ.

ಈಗ ನೋಡಿದರೆ, ಗಾಯದ ಮೇಲೆ ಬರೆ ಎಂಬಂತೆ, ಅದೇ ಪದ ಅವಳ ಮೇಜಿನ ಮೇಲೆ, ಬೈಗುಳವಾಗಿ ಅಚ್ಚಾಗುವುದಕ್ಕೆ ಸಿದ್ಧವಾಗಿ ಕೂತಿದೆ. ಮಗ್ಗುಲಲ್ಲಿ ‘ನಿಂದೆ’ ಎಂದು ಓರೆ ಅಕ್ಷರದಲ್ಲಿ ಬರೆದು ಹೆಂಡತಿಯೇ ಅದನ್ನು ಮುದ್ರಣಕ್ಕೆ ಕಳಿಸಿದಳೆಂದರೆ ಆ ಮನುಷ್ಯ ರಜಕ್ಕಾದರೂ ಬಂದಾನೆಯೇ?

ಅವಳು ಚೀಟಿ ಹಿಡಿದು ಪ್ರಧಾನ ಸಂಪಾದಕರ ಕೋಣೆಗೆ ಹೋದಳು. ಅವರು ಎಪ್ಪತ್ತು ದಾಟಿದ ಒಣಕಲು ಮನುಷ್ಯ. ಹೊರಗೆ ಮಳೆ ಬರ್ತಿದೆ ಸಾರ್ ಎಂದರೂ ‘ಪುರಾವೆ?’ ಎಂದು ಕೇಳಿ ಕಿಟಕಿಯಿಂದ ಕೈ ಹೊರಗೆ ಚಾಚುವವರು. ಅದಕ್ಕೇ ಅವರು ಪುರಾವೆ ತಾತ. ಪದಕ್ಕ ಎಲ್ಲವನ್ನೂ ಹೇಳಿದಳು: ಐಸ್‌ಕ್ರೀಮು, ಹಲ್ಲಿನ ಡಾಕ್ಟರು, ಗಂಡನ ವರ್ಗ, ಒಂದನ್ನೂ ಬಿಡಲಿಲ್ಲ. ‘ಇದು ನಿಂದೆಯಲ್ಲ ಸಾರ್. ಸಲಿಗೆ. ಹಾಗೆ ಬರೀತೀನಿ.’

‘ಪುರಾವೆ?’

‘ನಾನೇ ಹೇಳ್ತಿದ್ದೀನಲ್ಲ ಸಾರ್!’

‘ನೀವು ಆ ಪದಕ್ಕೆ ಸಂಪಾದಕಿ. ನಿಮ್ಮ ಮಾತು ಪುರಾವೆ ಆಗೋದಿಲ್ಲ, ಮನೆಮಾತು ಆಗುತ್ತೆ. ಹುಟ್ಟು ವಿಚಾರಣೆಗೆ ಇಡೋಣ. ಬೇರೆ ಯಾರಾದರೂ ಬಂದು ಹೇಳಲಿ. ಯಾರೂ ಹೇಳದಿದ್ರೆ ಚೀಟಿಯಲ್ಲಿ ಇದ್ದ ಹಾಗೆ ನಿಂದೆ. ಮತ್ತೆ, ವಿಚಾರಣೆ ನಡೆಯುವಾಗ ನೀವು ಬರ್ಕೊಳ್ಳೋದು ಅಷ್ಟೇ. ಬಾಯಿ ಬಿಡೋ ಹಾಗಿಲ್ಲ.’

ಹುಟ್ಟು ವಿಚಾರಣೆ ಎಂಬುದು ಆ ಕಚೇರಿಯಲ್ಲೇ ಬೆಳೆದ ಪದ್ಧತಿ. ಮೂಲ ತಿಳಿಯದ ಹೊಸ ಪದವಿದ್ದರೆ ಪತ್ರಿಕೆಯಲ್ಲಿ ಪ್ರಕಟಣೆ ಕೊಡುತ್ತಾರೆ. ಗೊತ್ತಿರುವವರು ಬಂದು, ಕುರ್ಚಿಯಲ್ಲಿ ಕೂತು, ಯಾರ ಬಾಯಿಂದ ಯಾವಾಗ ಕೇಳಿದೆವು ಎಂದು ಹೇಳಬೇಕು. ಪುರಾವೆ ತಾತ ನ್ಯಾಯಾಧೀಶರ ಹಾಗೆ ಪ್ರಶ್ನೆ ಹಾಕುತ್ತಾರೆ. ಸಾಮಾನ್ಯವಾಗಿ ಬರುವವರು ನಿವೃತ್ತ ಮೇಷ್ಟ್ರು ಒಬ್ಬರೇ. ಯಾವ ಪದವೇ ಆಗಲಿ ಅವರಿಗೆ ಅದರ ಮೂಲ ಗೊತ್ತು.

ಪದಕ್ಕ ಮನೆಗೆ ಹೋಗಿ ಗಂಡನನ್ನು ಬೇಡಿಕೊಂಡಳು. ‘ನೀವು ಒಬ್ಬರು ಬಂದು ನಿಜ ಹೇಳಿದ್ರೆ ಸಾಕು ರೀ. ಆ ಸಮುದ್ರದ ಊರಿನ ಕಥೆ ಹೇಳಿ.’

ಅವನು ಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ಅಂಚು ಸರಿಮಾಡಿ ಮೇಜಿನ ಮೇಲಿಟ್ಟ. ‘ನಾನು ಬಂದು ಎಲ್ಲರೆದುರು ನಿಂತು, ಹೌದು ಸ್ವಾಮಿ, ಆ ಪ್ರಾಣಿ ನಾನೇ ಅನ್ನಬೇಕಾ? ಆಗೋದಿಲ್ಲ. ನಿನ್ನ ನಿಘಂಟು, ನಿನ್ನ ಪದ, ಏನು ಬೇಕಾದ್ರೂ ಬರ್ಕೋ.’

‘ಸರಿ, ಅವನು ಬೇಡ, ನಾನು ಹೋಗ್ತೀನಿ’ ಎಂದು ಒಳಗಿನಿಂದ ಅತ್ತೆಯ ದನಿ ಬಂತು. ‘ಹೊಸ ಹಲ್ಲು ಹಾಕಿಸ್ಕೊಂಡು ಎಲ್ಲಿಗೂ ಹೋಗಿಲ್ಲ ನಾನು. ಆದರೆ ಅಲ್ಲಿ ಮಹಡಿ ಮೆಟ್ಟಿಲು ಅಂತೆ. ಕೈ ಹಿಡ್ಕೊಳ್ಳೋಕೆ ಒಬ್ಬರು ಬೇಕು. ಸೊಸೆ ಅಲ್ಲಿ ಕೆಲಸದಲ್ಲಿರ್ತಾಳೆ. ಮಗ ಅಂತ ಒಬ್ಬನನ್ನ ಹೆತ್ತಿದ್ದೀನೋ ಇಲ್ವೋ?’

ತಾಯಿಯ ಮಂಡಿನೋವಿನ ಮುಂದೆ ಯಾವ ಮ್ಯಾನೇಜರನ ಹಠ ನಿಂತೀತು?

ವಿಚಾರಣೆಯ ದಿನ ಕಚೇರಿಯ ಹಜಾರ ಗಿಜಿಗುಟ್ಟುತ್ತಿತ್ತು. ಪತ್ರಿಕೆಯವನೊಬ್ಬ ಬಂದಿದ್ದ. ಜಗಳವಾಡಿಕೊಂಡಿದ್ದ ಮೇಜಿನವರು ಕೂಡ ಅಕ್ಕಪಕ್ಕ ಕೂತಿದ್ದರು, ಜಾಗ ಇಲ್ಲದ್ದಕ್ಕೆ. ಪದಕ್ಕ ಬರೆಯುವ ಮೇಜಿನಲ್ಲಿ ಬಾಯಿಗೆ ಬೀಗ ಹಾಕಿ ಕೂತಿದ್ದಳು. ಅತ್ತೆ ಮಗನ ಕೈ ಹಿಡಿದು ಬಂದು ಮುಂದಿನ ಸಾಲಿನಲ್ಲಿ ಕೂತರು. ಅವನು ತಾಯಿಯನ್ನು ಕೂರಿಸಿ, ಹಿಂದಿನ ಗೋಡೆಗೆ ಹೋಗಿ ಕೈಕಟ್ಟಿ ನಿಂತ. ಹೆಂಡತಿಯ ಕಡೆ ನೋಡಲಿಲ್ಲ.

ಮೊದಲು ಮೇಷ್ಟ್ರು. ‘ಆಳಿ ಎಂದರೆ ಸಾಲು, ಶ್ರೇಣಿ. ಬ್ಯಾಂಕುಗಳ ಸಾಲು ಇರುವ ಬೀದಿಗೆ ಮೊದಲು ಈ ಹೆಸರಿತ್ತು. ಆಮೇಲೆ ಅಲ್ಲಿ ಓಡಾಡುವವರಿಗೆ ಬಂತು’ ಎಂದರು.

‘ಆ ಬೀದಿ ಎಲ್ಲಿದೆ?’ ಪುರಾವೆ ತಾತ ಕೇಳಿದರು.

‘ಇರಬೇಕು’ ಎಂದರು ಮೇಷ್ಟ್ರು. ಅವರಿಗೆ ವಂದಿಸಿ ಕೂರಿಸಲಾಯಿತು.

ಆಮೇಲೆ ಮೈಕಪ್ಪ. ಕುರ್ಚಿಯಲ್ಲಿ ಕೂರಲು ಒಪ್ಪದೆ ನಿಂತೇ ಶುರುಮಾಡಿದ. ‘ಈ ಪದವನ್ನು ಸೃಷ್ಟಿಸಿದವನು ನಾನು! ಜನರ ನೋವನ್ನು ಕಂಡು, ಎದೆ ಬಿರಿದು, ನಗರಸಭೆಯ ಆ ತುಂಬಿದ ಸಭೆಯಲ್ಲಿ ತಾನಾಗಿ ನನ್ನ ನಾಲಿಗೆಗೆ ಬಂತು.’

‘ನಾಲಿಗೆಗೆ ಬಂತಾ?’ ಮುಂದಿನ ಸಾಲಿನಿಂದ ಅತ್ತೆ ಎದ್ದರು. ‘ಏನಪ್ಪಾ, ಅವತ್ತು ನಿನ್ನ ಕೆನ್ನೆ ಕುಂಬಳಕಾಯಿ ಆಗಿತ್ತು. ನಾಲಿಗೆ ಹೊರಳ್ತಾನೇ ಇರಲಿಲ್ಲ. ನನ್ನ ಕಿವಿಗಿಂತ ದೊಡ್ಡ ಕಿವಿ ಮಾಡ್ಕೊಂಡು ಕೇಳಿಸ್ಕೊಂಡೆಯಲ್ಲ, ಮರೆತ್ಯಾ?’

ಹಜಾರದಲ್ಲಿ ನಗೆ ಎದ್ದಿತು. ಮೈಕಪ್ಪ ಅತ್ತೆಯ ಮುಖವನ್ನೂ ಹೊಸ ಹಲ್ಲನ್ನೂ ನೋಡಿ, ಗುರುತು ಹಿಡಿದು, ಜೀವನದಲ್ಲೇ ಅಪರೂಪಕ್ಕೆ ತೆಪ್ಪಗೆ ಕೂತ. ಪುರಾವೆ ತಾತ ಮೇಜು ತಟ್ಟಿ, ‘ಅಮ್ಮ, ಇಲ್ಲಿ ಬಂದು ಕೂತು ಹೇಳಿ’ ಎಂದರು.

ಅತ್ತೆ ಸಾಕ್ಷಿಯ ಕುರ್ಚಿಯಲ್ಲಿ ಸೆರಗು ಸರಿಮಾಡಿ ಕೂತರು. ‘ಪದ ನಮ್ಮ ಸೊಸೇದು. ನನ್ನ ಮಗನಿಗೆ ಇಟ್ಟದ್ದು. ಅವನು ಎಲ್ಲಿ ಹೋದ್ರೂ ಬ್ಯಾಂಕಿನೊಳಗೆ ಇಣುಕಿ ಬರ್ತಾನಲ್ಲ, ಅದಕ್ಕೆ.’

‘ಯಾಕೆ ಇಣುಕ್ತಾರೆ?’

‘ಅದನ್ನ ಅವನು ಯಾರಿಗೂ ಹೇಳೋಲ್ಲ. ನಾಚಿಕೆ. ನಾನು ಹೇಳ್ತೀನಿ.’

‘ಅಮ್ಮಾ, ಬೇಡ’ ಎಂದು ಹಿಂದಿನ ಗೋಡೆಯಿಂದ ದನಿ ಬಂತು.

‘ನೀನು ಸುಮ್ನಿರೋ. ಸರ್ಕಾರದ ಕೆಲಸ ಇದು.’ ಅತ್ತೆ ತಾತನ ಕಡೆ ತಿರುಗಿದರು. ‘ಇವನಪ್ಪ ಹೋದಾಗ ಇವನು ಇಷ್ಟುದ್ದ ಇದ್ದ. ನಾನು ಹೋಟೆಲಲ್ಲಿ ಪಾತ್ರೆ ತೊಳೀತಿದ್ದೆ. ಯಾವ ಆಫೀಸಿಗೆ ಹೋದ್ರೂ, ಶಾಲೆಗೆ ಹೋದ್ರೂ, ಆಸ್ಪತ್ರೆಗೆ ಹೋದ್ರೂ ಒಂದೇ ಮಾತು: ಅಲ್ಲೇ ನಿಂತ್ಕೊ. ಒದ್ದೆ ಸೀರೆ ನೋಡಿ ಒಳಗೇ ಕರೀತಿರಲಿಲ್ಲ. ಒಂದು ದಿನ ಹೋಟೆಲಿನವರು ಸಂಬಳ ಬ್ಯಾಂಕಿಗೆ ಹಾಕ್ತೀವಿ ಅಂದ್ರು. ಇವನ ಕೈ ಹಿಡ್ಕೊಂಡು ಹೋದೆ. ಬಾಗಿಲ ಹತ್ರ ನಿಂತೆ, ನಿಂತು ಅಭ್ಯಾಸ ಅಲ್ವಾ. ಒಳಗಿಂದ ಒಬ್ಬ ಗುಮಾಸ್ತ ಎದ್ದು ಬಂದ. ಕುರ್ಚಿ ಎಳೆದು ಹಾಕಿ, ಅಮ್ಮ, ಕೂತ್ಕೊಳ್ಳಿ ಅಂದ. ನಂಗೆ ಹಿಂದೆ ಯಾರಿದ್ದಾರೆ ಅಂತ ತಿರುಗಿ ನೋಡೋ ಹಾಗಾಯ್ತು.’

ಅತ್ತೆ ಹಿಂದಿನ ಗೋಡೆಯ ಕಡೆ ಕೈ ತೋರಿಸಿದರು.

‘ಇವನು ನನ್ನನ್ನೇ ನೋಡ್ತಾ ನಿಂತಿದ್ದ. ಅಮ್ಮ ಕುರ್ಚಿ ಮೇಲೆ ಕೂತದ್ದನ್ನ ಅವನು ಅದಕ್ಕೆ ಮೊದಲು ನೋಡೇ ಇರಲಿಲ್ಲ. ಹೊರಗೆ ಬಂದ ಮೇಲೆ, ಅಮ್ಮ, ದೊಡ್ಡೋನಾದ ಮೇಲೆ ನಾನು ಇಲ್ಲೇ ಇರ್ತೀನಿ ಅಂದ. ಈಗಲೂ ಅಷ್ಟೇ. ಯಾವುದೋ ಊರಿಗೆ ಹೋಗಿ ಬಂದ ಅಂದ್ರೆ ಮೊದಲು ನನ್ನ ಹತ್ರ ಬಂದು ಹೇಳೋದು: ಅಮ್ಮ, ಅಲ್ಲಿನ ಬ್ಯಾಂಕಲ್ಲಿ ಜನಕ್ಕೆ ಕುರ್ಚಿ ಇತ್ತು. ಇಲ್ಲದಿದ್ರೆ ಮುಖ ಬಾಡಿರ್ತದೆ. ಅದನ್ನ ನೋಡೋಕೇ ಒಳಗೆ ಹೋಗೋದು ಅವನು.’

ಪದಕ್ಕನ ಪೆನ್ನು ನಿಂತುಹೋಗಿತ್ತು. ಇಷ್ಟು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿ, ಒಂದೇ ಪಾತ್ರೆಯ ಅನ್ನ ಉಂಡು, ಇದೊಂದನ್ನು ಅವಳು ಕೇಳಿರಲೇ ಇಲ್ಲ. ಯಾಕೆ ಹೋಗ್ತೀರಿ ಎಂದು ಒಂದು ಸಲವೂ ಕೇಳದೆ ಹೆಸರಿಟ್ಟುಬಿಟ್ಟಿದ್ದಳು! ಅರ್ಥ ಹುಡುಕುವುದೇ ಉದ್ಯೋಗವಾದವಳು! ತನ್ನ ಮೇಲೆ ಅವಳಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ, ಅವನ ಮೇಲೆ ಬಂದ ಅಕ್ಕರೆಯೂ ಅಷ್ಟಿಷ್ಟಲ್ಲ. ಎರಡನ್ನೂ ನುಂಗಿಕೊಂಡು, ನಿಯಮವಿತ್ತಲ್ಲ, ಸುಮ್ಮನೆ ಕೂತಳು.

ಮೈಕಪ್ಪನಿಗೆ ಸುಮ್ಮನಿರುವುದು ಗೊತ್ತಿಲ್ಲ. ಜನರ ಕಣ್ಣು ಅತ್ತೆಯ ಮೇಲಿದ್ದದ್ದು ಅವನಿಗೆ ತಡೆಯಲಾಗಲಿಲ್ಲ. ಎದ್ದು, ‘ಅದೆಲ್ಲ ಆಗಿನ ಕಾಲ ಅಮ್ಮ! ಈಗ ಬ್ಯಾಂಕಲ್ಲಿ ಯಾರು ಕೂರಿಸ್ತಾರೆ? ಸಾಲಲ್ಲಿ ನಿಲ್ಲಿಸ್ತಾರೆ. ನಮ್ಮ ಸರದಿ ಬರೋ ಹೊತ್ತಿಗೆ ಕಿಟಕಿ ಮುಚ್ಚಿ ಊಟಕ್ಕೆ ಹೋಗ್ತಾರೆ!’ ಎಂದ. ಹಿಂದಿನಿಂದ ಯಾರೋ ‘ನಿಜ, ನಿಜ’ ಎಂದರು.

‘ಕ್ಷಮಿಸಿ’ ಎಂದು ಮ್ಯಾನೇಜರ ಗೋಡೆಯಿಂದ ಬೆನ್ನು ಬಿಡಿಸಿಕೊಂಡ. ‘ನಮ್ಮ ಶಾಖೆಯಲ್ಲಿ ಕಿಟಕಿ ಮುಚ್ಚೋದಿಲ್ಲ. ಒಬ್ಬರು ಊಟಕ್ಕೆ ಹೋದ್ರೆ ಇನ್ನೊಬ್ಬರು ಕೂರ್ತಾರೆ.’

‘ಸಹಿ ನೂರು ಸಲ ಹಾಕಿಸ್ತೀರಿ!’

‘ಹಾಕಿಸ್ತೀವಿ. ಯಾಕೆ ಹಾಕಿಸ್ತೀವಿ ಗೊತ್ತಾ ನಿಮಗೆ?’ ಕಟ್ಟಿದ್ದ ಕೈ ಬಿಚ್ಚಿಕೊಂಡಿತು. ‘ಮನುಷ್ಯನ ಸಹಿ ಬೆಳಿಗ್ಗೆ ಒಂಥರ ಇರುತ್ತೆ, ಸಿಟ್ಟು ಬಂದಾಗ ಒಂಥರ. ವಯಸ್ಸಾದವರ ಕೈ ನಡುಗುತ್ತೆ. ಅವರಿಗೆ ನಾವು ಬೇರೆ ಕಾರ್ಡು ಮಾಡಿಟ್ಟಿದ್ದೀವಿ...’ ಅವನು ಮಾತನಾಡುತ್ತ ಮುಂದೆ ಬಂದ. ಸಹಿಯಿಂದ ಸರದಿಗೆ ಹೋದ, ಸರದಿಯಿಂದ ಫ್ಯಾನು ಎಲ್ಲಿ ಹಾಕಬೇಕು ಎಂಬುದಕ್ಕೆ, ಅಲ್ಲಿಂದ ಕೌಂಟರು ಎಷ್ಟು ಎತ್ತರ ಇದ್ದರೆ ಗಿಡ್ಡ ಇರುವವರಿಗೆ ಅವಮಾನವಾಗುವುದಿಲ್ಲ ಎಂಬುದಕ್ಕೆ. ಮೇಷ್ಟ್ರ ಭುಜ ಹಿಡಿದು ಎಬ್ಬಿಸಿ, ಅವರನ್ನೇ ಕೌಂಟರಿನಂತೆ ನಿಲ್ಲಿಸಿ ತೋರಿಸಿದ. ಮೇಷ್ಟ್ರು ಕೌಂಟರಾಗಿ ಅಲುಗದೆ ನಿಂತರು. ಬಸ್ ನಿಲ್ದಾಣ ಎತ್ತಬಾರದು, ಎತ್ತಿದರೆ ಪಿಂಚಣಿಯ ಮುದುಕರು ಬ್ಯಾಂಕಿಗೆ ಬರುವುದು ಹೇಗೆ, ನಾನೇ ಮೇಲಿನವರಿಗೆ ಬರೆದಿದ್ದೀನಿ ಎಂದು ಅವನು ಹೇಳಿದಾಗ ಮೈಕಪ್ಪನ ಬಾಯಿ ತೆರೆದದ್ದು ತೆರೆದೇ ಉಳಿಯಿತು. ಮ್ಯಾನೇಜರ ಅಲ್ಲಿಗೂ ನಿಲ್ಲಲಿಲ್ಲ. ‘ಇನ್ನು ಲಾಕರಿನ ವಿಷಯಕ್ಕೆ ಬರೋಣ’ ಎಂದ.

ಪುರಾವೆ ತಾತ ಮೇಜು ತಟ್ಟಿದರು. ಕೇಳಿಸಲಿಲ್ಲ. ಅವನ ಕಣ್ಣುಗಳು ಹೊಳೆಯುತ್ತಿದ್ದವು, ಕೂದಲು ಕೆದರಿತ್ತು, ಒಂದು ಕಡೆಯ ಅಂಗಿ ಪ್ಯಾಂಟಿನಿಂದ ಹೊರಗೆ ಬಂದಿತ್ತು. ಪದಕ್ಕ ಆ ಮುಖವನ್ನು ನೋಡಿ ಎಷ್ಟು ಕಾಲವಾಗಿತ್ತೋ! ನಗು ಹೊಟ್ಟೆಯಿಂದ ಎದ್ದು ಗಂಟಲಿಗೆ ಬಂತು. ಎಲ್ಲಿದ್ದೇನೆ, ಏನು ನಿಯಮ, ಎಲ್ಲ ಮರೆತು ಎದ್ದು ನಿಂತು, ‘ಅಯ್ಯೋ ಸಾಕು ರೀ! ಆ ಪಾಪ ಮೇಷ್ಟ್ರನ್ನ ಬಿಡಿ! ನನ್ನ ಬ್ಯಾಂಕಾಳಿ, ಬಂದು ಕೂತ್ಕೊಳ್ಳಿ ಇಲ್ಲಿ!’ ಎಂದುಬಿಟ್ಟಳು.

ಪದಕ್ಕ ಬಾಯಿಗೆ ಕೈ ಅಡ್ಡ ಹಿಡಿದಳು. ಬೇಡವೆಂದ ಮಾತು, ಊರೆಲ್ಲ ಸೇರಿದ ಕಡೆ, ಪತ್ರಿಕೆಯವನ ಎದುರೇ! ಗಂಡ ನಿಂತಲ್ಲೇ ನಿಂತಿದ್ದ. ಮೊದಲ ಬಾರಿಗೆ ಅವಳ ಕಡೆ ತಿರುಗಿ ನೋಡುತ್ತಿದ್ದ. ಆ ನೋಟದಲ್ಲಿ ಏನಿದೆ ಎಂದು ಅವಳಿಗೆ ತಿಳಿಯಲಿಲ್ಲ. ಕೂತುಬಿಟ್ಟಳು.

‘ಸಾರ್, ಸಂಪಾದಕಿ ಮಾತಾಡಿದ್ರು. ನಿಯಮ ಮುರೀತು’ ಎಂದ ಮೈಕಪ್ಪ.

‘ಸಿಬ್ಬಂದಿ ಸಾಕ್ಷಿ ಹೇಳಬಾರದು ಅಂತ ನಿಯಮ. ಗಂಡನನ್ನ ಗದರಬಾರದು ಅಂತ ಇಲ್ಲ’ ಎಂದರು ಪುರಾವೆ ತಾತ. ಆಮೇಲೆ ಕನ್ನಡಕ ತೆಗೆದು, ಮ್ಯಾನೇಜರನನ್ನು ದಿಟ್ಟಿಸಿದರು. ‘ನೋಡಿ, ನನಗೆ ಬೇಕಿದ್ದದ್ದು ಇದೇ. ಪದದ ಬಗ್ಗೆ ಮಾತಲ್ಲ, ಪದ ಆಡಿದ್ದು. ಆಡಿದವರು ಹೇಳೋ ಹಾಗಿಲ್ಲ. ಆಡಿಸಿಕೊಂಡವರು ಹೇಳಬಹುದು. ಈಗ ಇವರು ಹಾಗಂದಾಗ ನಿಮಗೆ ಏನಂತ ಕೇಳಿಸ್ತು? ಬೈದ ಹಾಗಾ?’

ಅವನು ಮೊದಲು ಮೇಷ್ಟ್ರನ್ನು ಮೆಲ್ಲಗೆ ಅವರ ಜಾಗದಲ್ಲಿ ಕೂರಿಸಿದ. ಅಂಗಿಯನ್ನು ಪ್ಯಾಂಟಿನೊಳಗೆ ಸೇರಿಸಲು ಹೋಗಿ, ಅರ್ಧಕ್ಕೇ ಬಿಟ್ಟ.

‘ಇಲ್ಲ ಸಾರ್’ ಎಂದ. ‘ಮನೆಗೆ ಹೋಗೋಣ ನಡೀರಿ ಅಂದ ಹಾಗೆ ಕೇಳಿಸ್ತು.’

ಪದಕ್ಕನ ಕಣ್ಣು ತುಂಬಿ ಬಂತು.

‘ಬ್ಯಾಂಕಿನಲ್ಲಿ ಆ ಗಿರಾಕಿ ಅಂದದ್ದು ಬೇರೆ ಸಾರ್. ಅವನು ಅಂದದ್ದು ಅವನ ಪದ. ಇದು ನಂದು. ನಾನೇ ಎರಡನ್ನೂ ಒಂದು ಅಂದ್ಕೊಂಡು, ಸುಮ್ನೆ ಮನೆಯೋರ ಮೇಲೆ ಹಾರಾಡಿದೆ.’ ಅವನು ತಾತನ ಮೇಜಿನ ಹತ್ತಿರ ಬಂದ. ‘ಇನ್ನೊಂದು ಮಾತು ಸಾರ್. ವರ್ಗದ ಅರ್ಜಿ ವಾಪಸ್ ತಗೋತಿದ್ದೀನಿ. ಅದನ್ನ ಅವಳಿಗೆ ನೀವೇ ತಿಳಿಸಿಬಿಡಿ. ಅವಳು ಇಲ್ಲಿ ಮಾತಾಡೋ ಹಾಗಿಲ್ಲವಂತೆ.’

ಪುರಾವೆ ತಾತ ಗಂಭೀರವಾಗಿ ಪದಕ್ಕನ ಕಡೆ ತಿರುಗಿ, ‘ವರ್ಗದ ಅರ್ಜಿ ವಾಪಸ್ ಅಂತೆ’ ಎಂದರು. ಜನ ಹೊಟ್ಟೆ ಹಿಡಿದು ನಕ್ಕರು. ಅತ್ತೆ ನಗುವ ಭರಕ್ಕೆ ಹೊಸ ಹಲ್ಲಿಗೆ ಕೈ ಅಡ್ಡ ಕೊಡಬೇಕಾಯಿತು.

‘ಹಾಗಾದ್ರೆ ಬರ್ಕೊಳ್ಳಿ, ಪದಕ್ಕ’ ಎಂದರು ತಾತ. ‘ಬ್ಯಾಂಕಾಳಿ. ಮೊದಲನೆಯ ಅರ್ಥ, ಸಲಿಗೆ. ಎರಡನೆಯದು ನಿಂದೆ. ಮೊದಲನೆಯದಕ್ಕೆ ವಿವರ ಏನು ಬರೀತೀರಿ?’

ಅವಳಿಗೆ ಕಾಗದ ಮಸುಕಾಗಿ ಕಾಣುತ್ತಿತ್ತು. ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಇಷ್ಟು ವರ್ಷ ಕೇಳದೆ ಬಿಟ್ಟದ್ದನ್ನು ಈಗಲಾದರೂ ಅವನನ್ನೇ ಕೇಳಿ ಬರೆಯುತ್ತೇನೆ ಎಂದಳು. ಅವನು ಬಂದು ಅವಳ ಮೇಜಿನ ಪಕ್ಕದಲ್ಲಿ ಕೂತ.